ನಮ್ಮ ಸೀಮೆಯ ಮತವು ಚಂಚಲವೇ?

ಹಳ್ಳಿಗಾಡಿನ ಮತದಾರರು ಚಂಚಲಚಿತ್ತರು. ನಿನ್ನೆ ಒಬ್ಬರಿಗೆ, ಇಂದು ಮತ್ತೊಬ್ಬರಿಗೆ, ನಾಳೆ ಮೂರನೆಯವರಿಗೆ ಒಲಿಯತಕ್ಕವರು. ಗಾಳಿ ಬೀಸಿದತ್ತ ಬಾಗುವ ಜೊಂಡಿನಂಥವರು ಎಂಬ ಮಾತು ಚುನಾವಣೆ ಮುಗಿದಾಗಲೆಲ್ಲ ಪಟ್ಟಣದ ಜಗುಲಿಗಳಲ್ಲಿ ಕೇಳಿಬರುತ್ತದೆ. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಪಾಠಶಾಲೆಯ ಉಪಾಧ್ಯಾಯರಿಗೆ ಚುನಾವಣೆಯ ಕೆಲಸ ತಪ್ಪಿದ್ದಲ್ಲವಾದ್ದರಿಂದ, ಅನೇಕ ಸಲ ಮತಗಟ್ಟೆಯ ಮೇಜಿನ ಹಿಂದೆ ದಿನವಿಡೀ ಕುಳಿತು ಜನರ ಮುಖಗಳನ್ನು ನೋಡಿದೆವು. ಆ ಮೇಲೆ ಬಿಡುವಿನಲ್ಲಿ ಹಿಂದಿನ ಫಲಿತಾಂಶಗಳನ್ನು ಒಂದರ ಪಕ್ಕದಲ್ಲೊಂದು ಬರೆದುಕೊಂಡು ನೋಡಿದಾಗ ನಮ್ಮ ನಂಬಿಕೆಯು ಸಡಿಲವಾಯಿತು. ಆ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾವು ಹೇಳಹೊರಟ ಸೀಮೆ ಬಡವನಹಳ್ಳಿಯ ಸುತ್ತಣದು. ಈ ಊರು ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿಗೆ ಸೇರಿದ್ದು, ಮಧುಗಿರಿಯಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಒಂದು ಕಡೆಗೆ ಮಧುಗಿರಿಯ ಏಕಶಿಲೆಯ ಬೆಟ್ಟ ಮತ್ತು ಅದರ ಕೋಟೆ; ಇನ್ನೊಂದು ಕಡೆಗೆ ಶಿರಾ; ಉತ್ತರಕ್ಕೆ ಪಾವಗಡ, ದಕ್ಷಿಣಕ್ಕೆ ಕೊರಟಗೆರೆ. ಮಳೆ ಕಡಮೆಯಾದ ನೆಲ. ರಾಗಿ, ಕಡಲೆಕಾಯಿ, ಹುಣಸೆಗಳ ಸೀಮೆ. ಬೇಸಗೆಯಲ್ಲಿ ಕೆರೆಗಳು ಒಣಗಿ ಬಿರಿದಿರುವುದನ್ನು ಕಂಡವರಿಗೆ ಇಲ್ಲಿಯ ರಾಜಕೀಯವನ್ನು ಅರಿಯಲು ಅರ್ಧ ಪಾಠವಾದಂತೆಯೇ ಸರಿ. ಊರಿನ ಹೆಸರು ಹೇಗೆ ಬಂದಿತೋ ಅದು ಬೇರೆ ಮಾತು. ಆದರೆ ಬಡವನ ಮತಕ್ಕೂ ಬಲ್ಲಿದನ ಮತಕ್ಕೂ ತೂಕ ಒಂದೇ ಆಗಿರುವ ಈ ಕಾಲದಲ್ಲಿ, ಇಂಥ ಹೆಸರಿನ ಊರಿನಿಂದ ಆರಂಭಿಸುವುದು ಉಚಿತವೆಂದು ತೋರಿತು.

ತೂಕ ಎಂದಿಗೂ ಹೀಗೆಯೇ ಒಂದಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರ ದಸರೆಯಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿದಾಗ ಅದರಲ್ಲಿ ೧೪೪ ಮಂದಿ ಸದಸ್ಯರಿದ್ದರು. ಅವರು ಜನರಿಂದ ಚುನಾಯಿತರಾದವರಲ್ಲ. ಕೆಲವು ವರ್ಷಗಳ ತರುವಾಯ ಚುನಾವಣೆ ಬಂದಿತಾದರೂ, ಆಸ್ತಿಯುಳ್ಳವರು, ಕಂದಾಯ ಕಟ್ಟುವವರು, ವಿದ್ಯಾವಂತರು ಮಾತ್ರ ಅದಕ್ಕೆ ಅರ್ಹರಾಗಿದ್ದರು. ೧೯೨೩ರ ಸುಧಾರಣೆಯ ಹೊತ್ತಿಗೆ ಸ್ತ್ರೀಯರಿಗೂ ಮತದ ಹಕ್ಕು ದೊರೆಯಿತು. ಆದರೆ ಕೂಲಿಯವನಿಗೂ ಗೇಣಿದಾರನಿಗೂ ಅದು ದೂರದ ಮಾತಾಗಿಯೇ ಉಳಿಯಿತು. ೨೧ ವರ್ಷ ತುಂಬಿದ ಸರ್ವರೂ, ಗಂಡಸು ಹೆಂಗಸು, ಓದು ಬಲ್ಲವರು ಬಾರದವರು ಎಂಬ ಭೇದವಿಲ್ಲದೆ ಮತ ಹಾಕಿದ್ದು ೧೯೫೧–೫೨ರ ಮಹಾಚುನಾವಣೆಯಲ್ಲಿ. ಈ ವಯೋಮಿತಿಯು ೧೯೮೯ರಲ್ಲಿ ೧೮ಕ್ಕೆ ಇಳಿಯಿತು.

ಆ ಮೊದಲ ಚುನಾವಣೆಯಲ್ಲಿ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತು. ತನಗೆ ಬೇಕಾದವರ ಪೆಟ್ಟಿಗೆಯೊಳಗೆ ಚೀಟಿಯನ್ನು ಹಾಕಿದರೆ ಮುಗಿಯಿತು. ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು. ಬೇಸಾಯದ ಮನೆಗಳಲ್ಲಿ ಎತ್ತಿಗಿಂತ ಆಪ್ತವಾದ ಗುರುತು ಮತ್ತಾವುದಿದ್ದೀತು? ಆ ಸಲ ಮೈಸೂರು ವಿಧಾನಸಭೆಯ ೯೯ ಸ್ಥಾನಗಳಲ್ಲಿ ೭೪ ಕಾಂಗ್ರೆಸ್ಸಿಗೆ ಬಂದವು. ಮುಂದೆ ಆ ಪಕ್ಷವು ಒಡೆದಾಗ ಜೋಡೆತ್ತು ಹೋಗಿ ಹಸುಕರು ಬಂದಿತು. ೧೯೭೮ರಲ್ಲಿ ಹಸುಕರುವೂ ಹೋಗಿ ಹಸ್ತ ಬಂದಿತು. ಗುರುತು ಎರಡು ಸಲ ಬದಲಾದರೂ ಮನೆಗಳ ಒಲವು ಬದಲಾಗಲಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಚಂಚಲರಾದವರು ಯಾರು ಎಂಬ ಪ್ರಶ್ನೆಗೆ ಇದು ಮೊದಲನೆಯ ಸಾಕ್ಷಿ.

ಈ ಒಲವು ಕೇವಲ ಅಭ್ಯಾಸಬಲದಿಂದ ಉಳಿದದ್ದೂ ಅಲ್ಲ. ದೇವರಾಜ ಅರಸರ ಕಾಲದಲ್ಲಿ, ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಉಳುತ್ತಿದ್ದ ಹೊಲಕ್ಕೆ ಒಡೆಯರಾಗುವ ದಾರಿ ತೆರೆಯಿತು, ಬಡವರ ಸಾಲಗಳಿಗೆ ಪರಿಹಾರ ಬಂದಿತು, ಜೀತವು ನಿಷಿದ್ಧವಾಯಿತು. ಆದಕಾರಣ ೧೯೭೭ರಲ್ಲಿ ಉತ್ತರ ಭಾರತವು ಕಾಂಗ್ರೆಸ್ಸನ್ನು ಬೇರುಸಹಿತ ಕಿತ್ತೊಗೆದಾಗಲೂ ಕರ್ನಾಟಕವು ತನ್ನ ೨೮ ಲೋಕಸಭಾ ಸ್ಥಾನಗಳಲ್ಲಿ ೨೬ನ್ನು ಆ ಪಕ್ಷಕ್ಕೇ ಕೊಟ್ಟಿತು. ದೇಶವೆಲ್ಲ ಒಂದು ಕಡೆಗೆ ಬಾಗಿದಾಗ ಬಾಗದೆ ನಿಂತವರನ್ನು ಜೊಂಡಿಗೆ ಹೋಲಿಸುವುದು ನ್ಯಾಯವೇ?

ಮೊದಲ ದೊಡ್ಡ ತಿರುವು ೧೯೮೩ರಲ್ಲಿ ಕಾಣಿಸಿತು. ಆ ವರ್ಷ ಜನತಾ ಪಕ್ಷವು ೯೫ ಸ್ಥಾನಗಳನ್ನು ಪಡೆದು, ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊತ್ತಮೊದಲ ಕಾಂಗ್ರೆಸ್ಸೇತರ ಮಂತ್ರಿಮಂಡಲವನ್ನು ರಚಿಸಿದರು. ಆ ಮಂಡಲದಲ್ಲಿ ಗ್ರಾಮಾಭಿವೃದ್ಧಿಯ ಹೊಣೆ ಹೊತ್ತ ಅಬ್ದುಲ್ ನಜೀರ್ ಸಾಹೇಬರನ್ನು ಹಳ್ಳಿಯ ಜನ ‘ನೀರ್ ಸಾಬ್’ ಎಂದು ಕರೆದರು. ಕೊಳವೆಬಾವಿ ಕೊರೆಯಿಸಿ ಊರೂರಿಗೆ ಕೈಪಂಪು ಹಾಕಿಸಿದ ಕೆಲಸಕ್ಕೆ ಜನರು ಕೊಟ್ಟ ಬಿರುದು ಅದು. ಎರಡು ಮೈಲಿ ದೂರದಿಂದ ಕೊಡ ಹೊತ್ತು ತರುತ್ತಿದ್ದ ಗೃಹಿಣಿಗೆ ಮನೆಯ ಬಳಿಯಲ್ಲೇ ನೀರು ಸಿಕ್ಕಿದ ಮೇಲೆ, ಅವಳ ಮತವು ಅತ್ತ ತಿರುಗಿದರೆ ಅದನ್ನು ಚಾಂಚಲ್ಯವೆನ್ನಲಾಗದು, ಕೃತಜ್ಞತೆ ಎನ್ನಬೇಕು. ಹಿಂದೆ ನೆಲ ಕೊಟ್ಟವರಿಗೆ ಮತ, ಈಗ ನೀರು ಕೊಟ್ಟವರಿಗೆ ಮತ. ಅಳತೆಗೋಲು ಬದಲಾಗಲಿಲ್ಲ, ಅಳೆಯಲ್ಪಟ್ಟವರು ಬದಲಾದರು.

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಸಂಗತಿಯುಂಟು. ೧೯೮೪ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ತರುವಾಯ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕವು ೨೮ರಲ್ಲಿ ೨೪ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಮೂರು ತಿಂಗಳು ಕಳೆದು ೧೯೮೫ರ ಮಾರ್ಚಿಯಲ್ಲಿ ವಿಧಾನಸಭೆಯ ಚುನಾವಣೆ ಬಂದಾಗ ಅದೇ ಜನರು ಜನತಾ ಪಕ್ಷಕ್ಕೆ ೨೨೪ರಲ್ಲಿ ೧೩೯ ಸ್ಥಾನಗಳನ್ನು ಕೊಟ್ಟರು. ಇದನ್ನು ನಾವು ಆಗ ಜನರ ಬುದ್ಧಿಭ್ರಮೆಯೆಂದೇ ತಿಳಿದಿದ್ದೆವು. ಅದು ಭ್ರಮೆಯಲ್ಲವೆಂದು ನಮಗೆ ಕಲಿಸಿದವರು ಅಕ್ಷರ ಬಾರದ ಒಬ್ಬ ಮುದುಕಿ.

೨೦೧೪ರ ಲೋಕಸಭಾ ಚುನಾವಣೆಯ ದಿನ ನಾವು ಒಂದು ಹಳ್ಳಿಯ ಮತಗಟ್ಟೆಯಲ್ಲಿದ್ದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಮೊಮ್ಮಗನ ಕೈಹಿಡಿದು ಬಂದ ಆಕೆ, ಬೆರಳಿಗೆ ಶಾಯಿ ಹಾಕಿಸಿಕೊಳ್ಳುವ ಮೊದಲು ನಮ್ಮನ್ನೇ ದಿಟ್ಟಿಸಿ, “ಸಾಮಿ, ಇದು ನಮ್ಮೂರ ಕಡೆ ಓಟಾ, ದಿಲ್ಲಿ ಓಟಾ?” ಎಂದು ಕೇಳಿದಳು. “ದಿಲ್ಲಿಯದು ತಾಯಿ” ಎಂದೆವು. “ಅಂಗಾರೆ ಅದು ಬ್ಯಾರೆ ಐತೆ ಬಿಡಿ. ಮನೆ ಕಾಯಾಕೆ ಒಬ್ರು, ಸೀಮೆ ಕಾಯಾಕೆ ಒಬ್ರು” ಎಂದು ಹೇಳಿ, ಮರೆಯ ಹಿಂದಕ್ಕೆ ಹೋಗಿ, ಗುಂಡಿ ಒತ್ತಿ ಬಂದಳು. ಯಾರಿಗೆ ಒತ್ತಿದಳೋ ಅದು ಅವಳ ಸೊತ್ತು, ನಾವು ಕೇಳತಕ್ಕದ್ದಲ್ಲ. ಆದರೆ ಅವಳ ಮಾತು ಮಾತ್ರ ಅಂದಿನಿಂದ ನಮ್ಮನ್ನು ಬಿಡಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಹಿಂದಿನ ನಮ್ಮ ಗೊಂದಲಕ್ಕೆ ಅದು ಒಂದೇ ವಾಕ್ಯದ ಭಾಷ್ಯವಾಗಿತ್ತು.

ಆಕೆಯ ಮಾತನ್ನು ಲೆಕ್ಕದಿಂದ ಪರೀಕ್ಷಿಸೋಣ. ೨೦೦೮ರ ಕ್ಷೇತ್ರ ಪುನರ್ವಿಂಗಡಣೆಯ ಮೇಲೆ ಮಧುಗಿರಿ, ಕೊರಟಗೆರೆಗಳು ತುಮಕೂರು ಲೋಕಸಭಾ ಕ್ಷೇತ್ರದಲ್ಲಿಯೂ, ಶಿರಾ, ಪಾವಗಡಗಳು ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿಯೂ ಇವೆ. ೨೦೦೮, ೨೦೧೩, ೨೦೧೮, ೨೦೨೩ — ಈ ನಾಲ್ಕು ವಿಧಾನಸಭಾ ಚುನಾವಣೆಗಳಲ್ಲಿ ನಮ್ಮ ನಾಲ್ಕು ಕ್ಷೇತ್ರಗಳಿಂದ ಹದಿನಾರು ಫಲಿತಾಂಶಗಳು ಬಂದವು. ಅವುಗಳಲ್ಲಿ ಕಾಂಗ್ರೆಸ್ಸಿಗೆ ೧೦, ಜಾತ್ಯತೀತ ಜನತಾದಳಕ್ಕೆ ೫, ಪಕ್ಷೇತರರಿಗೆ ೧; ಭಾರತೀಯ ಜನತಾ ಪಕ್ಷಕ್ಕೆ ಒಂದೂ ಇಲ್ಲ. ೨೦೦೯, ೨೦೧೪, ೨೦೧೯, ೨೦೨೪ರ ಲೋಕಸಭಾ ಚುನಾವಣೆಗಳಲ್ಲಿ ಆ ಎರಡು ಕ್ಷೇತ್ರಗಳಿಂದ ಬಂದ ಎಂಟು ಫಲಿತಾಂಶಗಳಲ್ಲಿ ಆರು ಭಾರತೀಯ ಜನತಾ ಪಕ್ಷದವು, ಎರಡು ಕಾಂಗ್ರೆಸ್ಸಿನವು. ೨೦೨೩ರ ಮೇ ತಿಂಗಳಲ್ಲಿ ನಾಲ್ಕೂ ಕಡೆ ಕಾಂಗ್ರೆಸ್ ಗೆದ್ದಿತು. ಒಂದು ವರ್ಷ ತುಂಬುವುದರೊಳಗೆ ತುಮಕೂರಿನಲ್ಲಿ ಭಾರತೀಯ ಜನತಾ ಪಕ್ಷದ ವಿ. ಸೋಮಣ್ಣನವರು ಒಂದೂಮುಕ್ಕಾಲು ಲಕ್ಷದಷ್ಟು ಮತಗಳ ಅಂತರದಿಂದ ಗೆದ್ದರು. ಚಿತ್ರದುರ್ಗದಲ್ಲಿ ಅದೇ ಪಕ್ಷದ ಗೋವಿಂದ ಕಾರಜೋಳರು ಗೆದ್ದರು. ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಭಾಗಗಳು ಸೇರಿರುತ್ತವೆ. ೨೦೨೪ರಲ್ಲಿ ಜನತಾದಳವು ಭಾರತೀಯ ಜನತಾ ಪಕ್ಷದೊಡನೆ ಕೈಜೋಡಿಸಿತ್ತು. ಈ ಎರಡನ್ನೂ ಲೆಕ್ಕದಲ್ಲಿ ಕಳೆದರೂ ಮುದುಕಿಯ ಮಾತು ನಿಲ್ಲುತ್ತದೆ. ಮನೆಗೆ ಒಬ್ಬರು, ಸೀಮೆಗೆ ಒಬ್ಬರು.

ಇಂಥದು ನಮ್ಮಲ್ಲಿ ಮಾತ್ರ ಉಂಟೆಂದು ತಿಳಿಯಬಾರದು. ಅಮೆರಿಕಾ ದೇಶದ ದಕ್ಷಿಣ ಸೀಮೆಯ ಹಳ್ಳಿಗಾಡು ಒಂದು ಶತಮಾನದ ಕಾಲ ಡೆಮಾಕ್ರಟಿಕ್ ಪಕ್ಷದ ಭದ್ರ ನೆಲೆಯಾಗಿತ್ತು. ಕರಿಯ ಜನರ ನಾಗರಿಕ ಹಕ್ಕಿನ ಕಾನೂನು ಬಂದ ೧೯೬೪ರಲ್ಲಿ ಜಾರ್ಜಿಯಾ ಮೊದಲಾದ ಸಂಸ್ಥಾನಗಳು ಅಧ್ಯಕ್ಷಪದವಿಗೆ ರಿಪಬ್ಲಿಕನ್ ಪಕ್ಷದವರನ್ನು ಬೆಂಬಲಿಸಿದವು. ಆದರೆ ಅದೇ ಜಾರ್ಜಿಯಾ ತನ್ನ ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ನರನ್ನು ಆರಿಸಿದ್ದು ೨೦೦೨ರಲ್ಲಿ. ರಾಜಧಾನಿಯ ಮತ ಮೊದಲು ಹೊರಳಿತು. ಮನೆಯ ಮತ ಹೊರಳಲು ಮೂವತ್ತೆಂಟು ವರ್ಷ ಹಿಡಿಯಿತು. ಅಲ್ಲಿಯ ಹೊಳೆ ಒಂದೇ ದಿಕ್ಕಿಗೆ ಹರಿಯಿತು. ನಮ್ಮದು ಏತದಂತೆ ಮೇಲಕ್ಕೂ ಕೆಳಕ್ಕೂ ಆಡುತ್ತಿದೆ. ಏತ ಆಡುವುದು ನೀರೆತ್ತುವುದಕ್ಕೆಂಬುದನ್ನು ಮಾತ್ರ ಮರೆಯಬಾರದು.

ಗಾಳಿಯ ಮಾತಿಗೆ ಮರಳೋಣ. ೨೦೧೩ರಲ್ಲಿ ಮಧುಗಿರಿ, ಶಿರಾಗಳು ಕಾಂಗ್ರೆಸ್ಸನ್ನೂ, ಕೊರಟಗೆರೆ, ಪಾವಗಡಗಳು ಜನತಾದಳವನ್ನೂ ಆರಿಸಿದ್ದವು. ೨೦೧೮ರಲ್ಲಿ ನಾಲ್ಕೂ ಅದಲುಬದಲಾದವು: ಮಧುಗಿರಿ, ಶಿರಾಗಳು ಜನತಾದಳಕ್ಕೆ, ಕೊರಟಗೆರೆ, ಪಾವಗಡಗಳು ಕಾಂಗ್ರೆಸ್ಸಿಗೆ. ಗಾಳಿಯೇ ಕಾರಣವಾಗಿದ್ದರೆ ಜೊಂಡೆಲ್ಲ ಒಂದೇ ಕಡೆಗೆ ಬಾಗಬೇಕಿತ್ತಲ್ಲವೇ? ಒಂದೇ ದಿನ, ನೆರೆನೆರೆಯ ತಾಲ್ಲೂಕುಗಳು, ವಿರುದ್ಧ ದಿಕ್ಕುಗಳಿಗೆ ಹೊರಳಿದವು. ಅಂದರೆ ಒಬ್ಬೊಬ್ಬರೂ ತಮ್ಮ ತಮ್ಮ ಶಾಸಕರ ಐದು ವರ್ಷದ ಲೆಕ್ಕವನ್ನು ಬೇರೆ ಬೇರೆಯಾಗಿಯೇ ಬರೆದುಕೊಂಡಿದ್ದರು. ೨೦೧೩ರಲ್ಲಿ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಜಿ. ಪರಮೇಶ್ವರ ಅವರು, ತಮ್ಮ ಪಕ್ಷವು ರಾಜ್ಯವನ್ನೇ ಗೆದ್ದಾಗ, ಕೊರಟಗೆರೆಯಲ್ಲಿ ಸೋತರು. ೨೦೧೮ರಲ್ಲಿ ಅದೇ ಜನರು ಅವರನ್ನು ಮರಳಿ ಆರಿಸಿದರು. ಮಧುಗಿರಿಯಲ್ಲಿ ೨೦೧೩ರಲ್ಲಿ ಗೆದ್ದ ಕೆ. ಎನ್. ರಾಜಣ್ಣನವರನ್ನು ೨೦೧೮ರಲ್ಲಿ ಮನೆಗೆ ಕಳುಹಿಸಿ, ೨೦೨೩ರಲ್ಲಿ ೩೫ ಸಾವಿರಕ್ಕೂ ಮಿಕ್ಕ ಅಂತರದಿಂದ ಪುನಃ ಕರೆತಂದರು. ತಪ್ಪು ತಿದ್ದಿ ಬಂದ ವಿದ್ಯಾರ್ಥಿಗೆ ಮತ್ತೆ ಅಂಕ ಕೊಡುವ ಉಪಾಧ್ಯಾಯನನ್ನು ಚಂಚಲನೆಂದು ಯಾರೂ ಅನ್ನುವುದಿಲ್ಲ.

ಚಾಂಚಲ್ಯದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುವೆವು. ೨೦೦೮ರ ಮೇ ತಿಂಗಳಲ್ಲಿ ಮಧುಗಿರಿಯವರು ಜನತಾದಳದ ಅಭ್ಯರ್ಥಿಯನ್ನು ಆರಿಸಿದರು. ಗೆದ್ದವರು ಕೆಲವೇ ತಿಂಗಳಲ್ಲಿ ಪಕ್ಷವನ್ನೂ ಸ್ಥಾನವನ್ನೂ ತೊರೆದರು. ಡಿಸೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಜನರು ಅದೇ ಪಕ್ಷದ ಅನಿತಾ ಕುಮಾರಸ್ವಾಮಿಯವರನ್ನು ಗೆಲ್ಲಿಸಿದರು. ಒಂದೇ ವರ್ಷದಲ್ಲಿ ಬದಲಾದವರು ಆರಿಸಲ್ಪಟ್ಟವರು. ಆರಿಸಿದವರು ನಿಂತಲ್ಲಿಯೇ ನಿಂತಿದ್ದರು. ಆದರೂ ಅಪವಾದವು ಬಡಪಾಯಿ ಮತದಾರನ ತಲೆಗೇ ಬರುತ್ತದೆ.

ಶಿರಾದ ಕಥೆಯಲ್ಲಿ ನೀರು ಮತ್ತೆ ಎದುರಾಗುತ್ತದೆ. ಅಲ್ಲಿಯ ಶಾಸಕರಾಗಿದ್ದ ಬಿ. ಸತ್ಯನಾರಾಯಣ ಅವರು ೨೦೨೦ರಲ್ಲಿ ನಿಧನರಾದಾಗ ನವೆಂಬರಿನಲ್ಲಿ ಉಪಚುನಾವಣೆ ಬಂದಿತು. ಮದಲೂರು ಕೆರೆಗೆ ಹೇಮಾವತಿಯ ನೀರು ತುಂಬಿಸುವ ವಾಗ್ದಾನವೇ ಅಂದಿನ ದೊಡ್ಡ ಮಾತು. ಅದುವರೆಗೆ ಶಿರಾದಲ್ಲಿ ಎಂದೂ ಗೆಲ್ಲದಿದ್ದ ಭಾರತೀಯ ಜನತಾ ಪಕ್ಷವು ಗೆದ್ದಿತು. ೨೦೨೩ರಲ್ಲಿ ಆ ಸ್ಥಾನವು ಕಾಂಗ್ರೆಸ್ಸಿನ ಟಿ. ಬಿ. ಜಯಚಂದ್ರ ಅವರಿಗೆ ಮರಳಿತು. ೨೦೧೯ರಲ್ಲಿ ಮಾಜಿ ಪ್ರಧಾನಿ ದೇವೇಗೌಡರಂಥ ಹಿರಿಯರು ತುಮಕೂರಿನಲ್ಲಿ ೧೩,೩೩೯ ಮತಗಳಿಂದ ಸೋತಾಗಲೂ ಊರೂರಲ್ಲಿ ಕೇಳಿಬಂದದ್ದು ಹೇಮಾವತಿಯ ಪಾಲಿನ ಮಾತೇ. ಒಂದು ಕಾಲಕ್ಕೆ ಕೈಪಂಪಿಗೆ ಸಿಕ್ಕುತ್ತಿದ್ದ ನೀರು ಇಂದು ಸಾವಿರ ಅಡಿ ಕೊರೆದರೂ ಸಿಕ್ಕದ ಕಡೆಗಳಿವೆ. ಆದ್ದರಿಂದ ಈ ಪ್ರಶ್ನೆ ಹಳತಾಗುವುದಿಲ್ಲ. ಉತ್ತರ ಹೇಳುವವರ ಹೆಸರು ಮಾತ್ರ ಬದಲಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮವರಲ್ಲಿ ದೋಷವೇ ಇಲ್ಲವೆಂದು ಸಾಧಿಸಲು ಹೊರಟವರಲ್ಲ ನಾವು. ಜಾತಿಯ ಎಣಿಕೆ ಉಂಟು. ಪ್ರತಿಯೊಂದು ಪಕ್ಷವೂ ಅಭ್ಯರ್ಥಿಯನ್ನು ಗೊತ್ತುಮಾಡುವ ಮೊದಲು ಯಾವ ಜಾತಿಯವರು ಎಷ್ಟು ಮನೆ ಎಂದು ಎಣಿಸುತ್ತದೆ. ಜನರೂ ಆ ಎಣಿಕೆಯಲ್ಲಿ ಸೇರಿಕೊಳ್ಳುತ್ತಾರೆ. ಅದಕ್ಕಿಂತ ಹೀನವಾದದ್ದು ಹಣ. ಚುನಾವಣೆಯ ಹಿಂದಿನ ರಾತ್ರಿ ಕೆಲವು ಬೀದಿಗಳಲ್ಲಿ ಮಲಗದಿರುವ ದೀಪಗಳ ಅರ್ಥ ಎಲ್ಲರಿಗೂ ತಿಳಿದದ್ದೇ. ನಾವು ಬಾಲ್ಯದಲ್ಲಿ ಕಲಿತ ಸಂಸ್ಕೃತವು ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ. ‘ಮತ’ ಎಂಬ ಶಬ್ದವು ‘ಮನ್’ ಧಾತುವಿನಿಂದ ಬಂದದ್ದು. ಮನನ ಮಾಡಿ ನಿಶ್ಚಯಿಸಿದ್ದು ಎಂದು ಅದರ ಅರ್ಥ. ‘ದಾನ’ವೆಂದರೆ ಪ್ರತಿಫಲವನ್ನು ಬಯಸದೆ ಕೊಡತಕ್ಕದ್ದು. ಬೆಲೆ ಪಡೆದು ಕೊಟ್ಟರೆ ಅದು ದಾನವಲ್ಲ, ವಿಕ್ರಯ. ‘ಅಭ್ಯರ್ಥಿ’ ಎಂದರೆ ಬೇಡುವವನು. ಬೇಡುವವನೇ ಹಣ ಕೊಟ್ಟು, ಕೊಡುವವನೇ ಕೈಯೊಡ್ಡುವ ದಿನ ಈ ಮೂರು ಶಬ್ದಗಳೂ ತಲೆಕೆಳಗಾಗುತ್ತವೆ. ಮಾರಾಟವಾದ ಸರಕಿನ ಮೇಲೆ ಮಾರಿದವನಿಗೆ ಹಕ್ಕಿಲ್ಲ. ಆ ಮೇಲೆ ಕೆರೆಗೆ ನೀರು ಬರಲಿಲ್ಲವೆಂದು ಕೇಳುವುದು ಯಾವ ಬಾಯಿಂದ?

ಇನ್ನೊಂದು ದೋಷ ಮತದಾರರದಲ್ಲ, ವ್ಯವಸ್ಥೆಯದು. ಹಿಂದೆ ಚೀಟಿಗಳಿದ್ದಾಗ ಬೇರೆ ಬೇರೆ ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸುವ ಏರ್ಪಾಡಿಗೆ ಅವಕಾಶವಿತ್ತು. ೨೦೦೪ರಿಂದ ಎಲ್ಲೆಡೆಯೂ ಯಂತ್ರಗಳು ಬಂದ ಮೇಲೆ ಒಂದೊಂದು ಮತಗಟ್ಟೆಯ ಲೆಕ್ಕ ಬೇರೆಯಾಗಿಯೇ ಹೊರಬೀಳುತ್ತದೆ. ಒಬ್ಬನ ಮತ ಗುಟ್ಟಾಗಿಯೇ ಉಳಿದರೂ ಊರಿನ ಮತ ಬಯಲಾಗುತ್ತದೆ. “ನಿಮ್ಮ ಊರು ನಮಗೆ ಇಷ್ಟೇ ಹಾಕಿತು, ರಸ್ತೆ ಕೇಳಲು ಬಂದಿರಾ?” ಎಂದು ಒಬ್ಬ ಮುಖಂಡರು ಗ್ರಾಮಸ್ಥರನ್ನು ಗದರಿಸಿದ್ದನ್ನು ನಾವೇ ಕಿವಿಯಾರೆ ಕೇಳಿದ್ದೇವೆ. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಒಂದೇ ಮೊತ್ತವನ್ನು ತೋರಿಸುವ ಉಪಕರಣವನ್ನು ಚುನಾವಣಾ ಆಯೋಗವು ೨೦೦೮ರಲ್ಲಿಯೇ ಸೂಚಿಸಿತ್ತು. ೨೦೧೫ರಲ್ಲಿ ಕಾನೂನು ಆಯೋಗವೂ ಅದನ್ನು ಶಿಫಾರಸು ಮಾಡಿತು. ಬಡವರ ಊರುಗಳಿಗೆ ಇದಕ್ಕಿಂತ ದೊಡ್ಡ ರಕ್ಷೆ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಅಂಜಿಕೆಯಿಂದ ಹಾಕಿದ ಮತದಲ್ಲಿ ಮನನವೆಲ್ಲಿ?

ಮತದಾರರ ಪಟ್ಟಿಯ ಕಡೆಗೂ ಮನೆಯವರು ಕಣ್ಣಿಡತಕ್ಕದ್ದು. ೨೦೨೫ರಲ್ಲಿ ಈ ಪಟ್ಟಿಗಳ ವಿಷಯವಾಗಿ ದೇಶದಲ್ಲೆಲ್ಲ ವಾಗ್ವಾದವೆದ್ದಿತು. ಆ ಬಗ್ಗೆ ಆಡಿದ ಮಾತಿನ ಬೆನ್ನಲ್ಲೇ ಆಗಸ್ಟಿನಲ್ಲಿ ನಮ್ಮ ಮಧುಗಿರಿಯ ಪ್ರತಿನಿಧಿ ರಾಜಣ್ಣನವರು ಮಂತ್ರಿಪದವಿಯನ್ನೇ ಕಳೆದುಕೊಂಡರು. ಆ ವಾದದಲ್ಲಿ ನಾವು ಪಕ್ಷ ವಹಿಸುವವರಲ್ಲ. ಆದರೆ ಮದುವೆಯಾಗಿ ಬಂದ ಸೊಸೆಯ ಹೆಸರು ಸೇರಿದೆಯೇ, ಬೆಂಗಳೂರಿಗೆ ದುಡಿಯಹೋದ ಮಗನ ಹೆಸರು ಎಲ್ಲಿದೆ, ತೀರಿಹೋದ ಹಿರಿಯರ ಹೆಸರು ತೆಗೆದಿದ್ದಾರೆಯೇ ಎಂಬುದನ್ನು ನೋಡಲು ಯಾವ ಪಕ್ಷದ ಅಪ್ಪಣೆಯೂ ಬೇಕಾಗಿಲ್ಲ. ದನಕರುಗಳ ಲೆಕ್ಕವನ್ನು ದಿನವೂ ಸಂಜೆ ನೋಡುವ ನಾವು ಮನೆಯ ಮತಗಳ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ನೋಡಬಾರದೇ?

ಗೃಹಿಣಿಯರಿಗೆ ಒಂದು ಮಾತು. ೧೯೮೭ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ ನಡೆದಾಗ ನಮ್ಮ ರಾಜ್ಯದಲ್ಲಿ ಸ್ತ್ರೀಯರಿಗಾಗಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಮೀಸಲಿಟ್ಟರು. ಅದು ಈಗ ಐವತ್ತಾಗಿದೆ. ಹೀಗಿದ್ದರೂ ‘ಯಜಮಾನರು ಹೇಳಿದವರಿಗೆ’ ಎಂದು ಮತಗಟ್ಟೆಯ ಬಾಗಿಲಲ್ಲಿ ಹೇಳುವವರನ್ನು ನ���ವು ಕಂಡಿದ್ದೇವೆ. ಕೊಡ ಹೊರುವ ನಡುವಿಗೆ ನೀರಿನ ಬೆಲೆ ಗೊತ್ತಿರುವಷ್ಟು ಯಜಮಾನರಿಗೆ ಗೊತ್ತಿರಲಾರದು. ಊಟದ ಹೊತ್ತಿನಲ್ಲಿ ಎಲ್ಲರೂ ಕುಳಿತು ಮಾತಾಡಿಕೊಳ್ಳಲಿ. ಯಾರು ಏನು ಹೇಳಿದ್ದರು, ಏನು ಮಾಡಿದರು ಎಂದು ವಿಚಾರಿಸಲಿ. ಮರೆಯ ಹಿಂದೆ ಹೋದ ಮೇಲೆ ಮಾತ್ರ ಒಬ್ಬೊಬ್ಬರೂ ತಮಗೆ ತಾವೇ ಯಜಮಾನರಾಗಲಿ.

ಮತಗಟ್ಟೆಗೆ ಬಂದ ಆ ಮುದುಕಿ ಇಂದು ಇರುವಳೋ ಇಲ್ಲವೋ ತಿಳಿಯದು. ಅವಳ ಕೈಹಿಡಿದು ಬಂದಿದ್ದ ಮೊಮ್ಮಗನಿಗೆ ಆಗ ಏಳೆಂಟು ವರ್ಷವಿದ್ದಿರಬಹುದು. ಈಗ ಅವನಿಗೂ ಮತದ ವಯಸ್ಸು ಬಂದಿದೆ. ನಮ್ಮ ಸೀಮೆಯ ಮತವು ಮುಂದೆ ಯಾವ ಕಡೆಗೆ ಹೊರಳುವುದೆಂದು ಭವಿಷ್ಯ ಹೇಳಲು ನಾವು ಜೋಯಿಸರಲ್ಲ. ಅದು ಯಾವ ಕಡೆಗೆ ಹೊರಳಿದರೂ ಚಿಂತೆಯಿಲ್ಲ. ಗುಂಡಿ ಒತ್ತುವ ಮೊದಲು ಅವನೂ ತನ್ನ ಅಜ್ಜಿಯಂತೆ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು.